ಕೋಡುಬಳೆ ಡಬ್ಬ

ಅಮ್ಮಾ,

ನೀನು ತೀರಿಕೊಂಡ ಮೇಲೆ ಬಂದ ಮೊದಲ ಆಗಸ್ಟ್ ಇದು. ಇವತ್ತು ನಮ್ಮ ಕಾಲೇಜು ಹುಡುಗಿಯರ ಸಂಘಕ್ಕೆ, ಅದೇ ಸೊರಾರಿಟಿಗೆ, ಹೊಸಬರನ್ನು ಆರಿಸುವ ದಿನ. ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವ ಕೆಲಸ ನನಗೆ ಬಿತ್ತು. ಇಶಾ ಎಂಬ ಹುಡುಗಿ ಸೀರೆಯುಟ್ಟವರೊಬ್ಬರ ಕೈಹಿಡಿದು ಬಂದು, "ದಿಸ್ ಈಸ್ ಮೈ ಮಾಮ್," ಎಂದಳು. ಯಾರೂ ನಗಲಿಲ್ಲ ಅಮ್ಮಾ.

ಮೂರು ವರ್ಷದ ಹಿಂದೆ ಇದೇ ಬಾಗಿಲಲ್ಲಿ, ನನ್ನನ್ನು ಆರಿಸಿಕೊಳ್ಳಲಿ ಎಂದು ಕಾದವಳು ನಾನು. ನೀನು ನಮ್ಮೂರು ಅಲೆನ್‌ನಿಂದ ಇಲ್ಲಿ ಆಸ್ಟಿನ್‌ವರೆಗೆ ನಾಲ್ಕು ಗಂಟೆ ಡ್ರೈವ್ ಮಾಡಿ, ಕೋಡುಬಳೆ ಡಬ್ಬ ಹಿಡಿದು ಬಂದಿದ್ದೆ. ಯಾರಿವರು ಎಂದು ಹುಡುಗಿಯರು ಕೇಳಿದಾಗ, ಪಕ್ಕದ ಮನೆ ಆಂಟಿ ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

ಅಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ನೀನು ಬೈಯಬಹುದಿತ್ತು. ಡಬ್ಬವನ್ನು ನನ್ನ ಕೈಗಿಟ್ಟು, ಕನ್ನಡದಲ್ಲೇ ಅಂದೆ: "ನಿಮ್ಮಮ್ಮ ಕೊಟ್ಟು ಕಳಿಸಿದಾರೆ, ತಗೋಮ್ಮ."