ಚಾಪೆಯ ತೂಕ

ಹಾಪೈ ದ್ವೀಪಗಳು, ತೊಂಗಾ

ಡಾಕ್ಟರ್ ಫೊನುವಾ ಅವರಿಗೆ ನಮಸ್ಕಾರ.

ನೀವು ಕೇಳಿದಂತೆ ಫೋನನ್ನು ಶುಕ್ರವಾರದ ದೋಣಿಯಲ್ಲಿ ಕಳಿಸುತ್ತಿದ್ದೇನೆ. ಮಕ್ಕಳ ಮದ್ದಿನ ಅಳತೆ ಹೇಳುವ ಆ್ಯಪ್‌ನಲ್ಲಿ ದೋಷವೇನೂ ಇಲ್ಲ. ನಾನು ಒಂಬತ್ತು ಕಿಲೋ ಎಂದು ಒತ್ತಿದೆ. ಅದಕ್ಕೆ ತಕ್ಕ ಫಿಟ್ಸ್ ಇಂಜೆಕ್ಷನ್ನಿನ ಅಳತೆಯನ್ನೇ ಅದು ಕೊಟ್ಟಿತು.

ಕೂಸು ಲೊಸೆಲಿಯನ್ನು ಎತ್ತಿಕೊಂಡು ದೊಡ್ಡವರ ತಕ್ಕಡಿಯ ಮೇಲೆ ನಿಂತು, ಬಂದ ತೂಕದಲ್ಲಿ ನನ್ನದನ್ನು ಕಳೆದಿದ್ದೆ. ನನ್ನ ಅಪ್ಪ ತೀರಿಕೊಂಡ ಸೂತಕಕ್ಕೆಂದು ನಮ್ಮ ಪದ್ಧತಿಯಂತೆ ಸೊಂಟಕ್ಕೆ ಸುತ್ತಿದ್ದ ಚಾಪೆಯ ತೂಕ ಕಳೆಯಲು ಮರೆತೆ. ಅದು ಮೂರು ಕಿಲೋ ಇದೆ; ಕೂಸು ಇದ್ದದ್ದು ಆರೇ ಕಿಲೋ. ಕೂಸಿನ ಉಸಿರು ನಿಂತ ಮೇಲೆ ಚಾಪೆಯನ್ನು ತೂಗಿ ನೋಡಿದೆ.

ಕೂಸನ್ನು ಮಣ್ಣು ಮಾಡಿದ ದಿನ ಅದರ ತಾಯಿಗೆ ಎಲ್ಲವನ್ನೂ ಹೇಳಿ, ಚಾಪೆ ಬಿಚ್ಚಲು ಹೋದೆ.

“ಬಿಚ್ಬೇಡಿ ಡಾಕ್ಟ್ರಮ್ಮ,” ಎಂದಳು. “ನನ್ ಮಗೂಗೂ ಅದನ್ನೇ ಕಟ್ಕೊಂಡಿರಿ.”

ದಯವಿಟ್ಟು ಮಕ್ಕಳ ತಕ್ಕಡಿಯೊಂದನ್ನು ಕಳಿಸಿಕೊಡಿ. ಚಾಪೆ ಇನ್ನೂ ಸೊಂಟದಲ್ಲಿದೆ.

ಇಂತಿ,
ಮೆಲೆನೈಟೆ