ಕಾಂಪೌಂಡ್ ಗೋಡೆಯ ಕಿಂಡಿ

ಹಿಂದಿನ ಗೇಟಿನ ಬೀದಿ,
ಹದಿನಾಲ್ಕನೇ ತಾರೀಕು, ಭಾನುವಾರ ಸಂಜೆ

ಪ್ರೀತಿಯ ಗುಂಡು,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಕುರ್ಚಿಯಲ್ಲಿ ಕೂತೂ ಕೂತೂ ಬಂದ ನೋವಿಗೆ ಮುಲಾಮು ಹಚ್ಚಿದರೆ ಏನೂ ಆಗುವುದಿಲ್ಲ, ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡು. ನಿನ್ನ ಹೆಂಡತಿ ಚೆನ್ನಾಗಿದ್ದಾಳಾ? ಮಗುವಿಗೆ ಹಲ್ಲು ಬಂತಾ? ನಾನು ಕೊನೆಯ ಸಲ ನೋಡಿದಾಗ ಅದಿನ್ನೂ ಮಗುಚಿಕೊಳ್ಳುವುದನ್ನು ಕಲಿಯುತ್ತಿತ್ತು, ನನ್ನ ಬೆರಳು ಸಿಕ್ಕಿದರೆ ಬಿಡದೆ ಚೀಪುತ್ತಿತ್ತು. ಇಷ್ಟು ಹೊತ್ತಿಗೆ ಗೋಡೆ ಹಿಡಿದುಕೊಂಡು ನಡೆಯುತ್ತಿರಬೇಕು ಅಂತ ಅಮ್ಮ ಹೇಳುತ್ತಾಳೆ. ಇಲ್ಲಿ ನಾವೆಲ್ಲ ಇದ್ದೇವೆ. ಅಮ್ಮನ ಮಂಡಿ ಮೊದಲಿನ ಹಾಗೇ ಇದೆ, ಬಾಯಿ ಮೊದಲಿಗಿಂತ ಜೋರಾಗಿದೆ. ನಿನ್ನ ಭಾವನಿಗೆ ಕೆಲಸ ಕಡಿಮೆ, ಸಿಟ್ಟು ಜಾಸ್ತಿ. ನನಗೇನು, ಒಲೆ ಮುಂದೆ ನಿಂತರೆ ಜ್ವರವೂ ಹತ್ತಿರ ಬರುವುದಿಲ್ಲ.

ಗೋಡೆಯ ಈ ಕಡೆಯಿಂದ ಆ ಕಡೆಗೆ ಅಕ್ಕ ಪತ್ರ ಬರೆಯುತ್ತಿದ್ದಾಳಲ್ಲ ಅಂತ ನಿನಗೆ ನಗು ಬರಬಹುದು. ನಕ್ಕುಬಿಡು, ನನಗೂ ಬಂತು. ನಮ್ಮ ಚಹಾ ಅಂಗಡಿಯ ಬೆಂಚಿನ ಮೇಲೆ ನಿಂತರೆ ವಿಶ್ವವಿದ್ಯಾಲಯದೊಳಗಿನ ನಿನ್ನ ಕ್ವಾರ್ಟರ್ಸಿನ ನೀರಿನ ಟ್ಯಾಂಕು ಕಾಣುತ್ತದೆ. ತಾರಸಿಯ ಮೇಲೆ ಒಣಗಲು ಹಾಕಿದ ಬಟ್ಟೆಯೂ ಕಾಣುತ್ತದೆ. ಅಮ್ಮನಿಗೆ ಕಣ್ಣು ಅಷ್ಟಕ್ಕಷ್ಟೇ ಆದರೂ ದಿನಾ ಬೆಳಿಗ್ಗೆ ಅದೊಂದು ಲೆಕ್ಕ ನನ್ನ ಕೈಲಿ ಮಾಡಿಸುತ್ತಾಳೆ, ಅದರಲ್ಲಿ ಚಿಕ್ಕ ಬಟ್ಟೆ ಎಷ್ಟು ನೋಡು, ನಿನ್ನೆಗಿಂತ ದೊಡ್ಡದಾಗಿದೆಯಾ ನೋಡು ಅಂತ. ಫೋನ್ ಮಾಡಿದರೆ ‘ಮೀಟಿಂಗಲ್ಲಿದೀನಕ್ಕಾ, ಆಮೇಲೆ ಮಾಡ್ತೀನಿ’ ಅನ್ನುತ್ತೀಯ. ಆ ‘ಆಮೇಲೆ’ ಇನ್ನೂ ಬಂದಿಲ್ಲ. ಪತ್ರವನ್ನಾದರೆ ಮೀಟಿಂಗಿನಲ್ಲೇ ಮೇಜಿನ ಕೆಳಗಿಟ್ಟುಕೊಂಡು ಓದಬಹುದು. ಶಾಲೆಯಲ್ಲಿ ನೀನು ಕಥೆ ಪುಸ್ತಕಗಳನ್ನು ಓದುತ್ತಿದ್ದುದೇ ಹಾಗೆ.

ನಮ್ಮ ಬೀದಿಯ ಸುದ್ದಿ ಹೇಳುತ್ತೇನೆ, ಕೇಳು. ಗುಂಡಿ-ದಾರದ ಅಂಗಡಿಯವನು ಬಾಗಿಲು ಹಾಕಿಕೊಂಡು ಊರು ಬಿಟ್ಟ. ಮೂಲೆಮನೆಯ ಅಜ್ಜಿ ಮಹಡಿ ಮೇಲೆ ಕಟ್ಟಿಸಿದ ನಾಲ್ಕು ಕೋಣೆಯೂ ಖಾಲಿ. ಒಂದರಲ್ಲಿ ಈರುಳ್ಳಿ ಹರವಿದ್ದಾಳೆ. ‘ಈರುಳ್ಳಿ ಬಾಡಿಗೆ ಕೊಡಲ್ಲ, ಆದ್ರೆ ರಾತ್ರಿ ಹನ್ನೆರಡಕ್ಕೆ ಗಿಟಾರನ್ನೂ ಬಾರಿಸಲ್ಲ’ ಅನ್ನುತ್ತಾಳೆ. ಬಾಡಿಗೆಗಿದ್ದ ಆ ಗಿಟಾರಿನ ಹುಡುಗನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದವಳು ಈಗ ಅವನ ಹೆಸರು ಹೇಳಿ ಕಣ್ಣು ಒರೆಸಿಕೊಳ್ಳುತ್ತಾಳೆ. ಜೆರಾಕ್ಸಿನವನಿಗೆ ಯಾವ ವಿಭಾಗಕ್ಕೆ ಯಾವಾಗ ಪರೀಕ್ಷೆ ಅಂತ ಬಾಯಿಪಾಠವಾಗಿತ್ತು. ಈಗಲೂ ಪರೀಕ್ಷೆ ಹತ್ತಿರ ಬಂದರೆ ಅಂಗಡಿ ಗುಡಿಸಿ, ಎರಡು ಬಂಡಲ್ ಹಾಳೆ ಬಿಚ್ಚಿಟ್ಟು, ಬಾಗಿಲಲ್ಲಿ ನಿಂತು ನೊಣ ಹೊಡೆಯುತ್ತಾನೆ.

ವಿಶ್ವವಿದ್ಯಾಲಯ ನಮಗೆ ಏನೂ ಮಾಡಲಿಲ್ಲ ಅಂತ ನಾನು ಹೇಳುವುದಿಲ್ಲ. ಹೇಳಿದರೆ ಬಾಯಲ್ಲಿ ಹುಳ ಬೀಳುತ್ತದೆ. ಅಪ್ಪ ಈ ಅಂಗಡಿ ಇಟ್ಟಿದ್ದೇ ಅದನ್ನು ಕಟ್ಟಲು ಬಂದ ಕೆಲಸಗಾರರಿಗೆ ಚಹಾ ಮಾಡಿಕೊಡಲು. ಆಗ ಇದೇ ಕಾಂಪೌಂಡ್ ಕಟ್ಟುತ್ತಿದ್ದ ಗಾರೆ ಕೆಲಸದವರಲ್ಲಿ ಒಬ್ಬರು, ಚಹಾಕ್ಕೆ ಸಕ್ಕರೆ ಜಾಸ್ತಿ ಅಂತ ದಿನಾ ಜಗಳ ತೆಗೆದು, ಕೊನೆಗೆ ನನ್ನನ್ನೇ ಕಟ್ಟಿಕೊಂಡರು. ಈಗಲೂ ಜಗಳ ಅದೇ, ಸಕ್ಕರೆಯೂ ಅಷ್ಟೇ. ನೀನು ಬೆಳಿಗ್ಗೆ ಲೋಟ ತೊಳೆದು, ನೀರು ಹುಯ್ದುಕೊಂಡು, ಒದ್ದೆ ತಲೆಯಲ್ಲೇ ಗೇಟು ದಾಟಿ ಕ್ಲಾಸಿಗೆ ಓಡುತ್ತಿದ್ದೆ. ನಮ್ಮ ಬೀದಿಯಿಂದ ಆ ಗೇಟಿನೊಳಕ್ಕೆ ಚಹಾದ ತಟ್ಟೆ ಬಿಟ್ಟು ಪುಸ್ತಕ ಹಿಡಿದುಕೊಂಡು ಹೋದವನು ನೀನೇ ಮೊದಲು. ಅವತ್ತು ಅಪ್ಪ ಬಂದವರಿಗೆಲ್ಲ ಬಿಟ್ಟಿ ಚಹಾ ಕೊಟ್ಟು ಅಮ್ಮನ ಕೈಲಿ ಉಗಿಸಿಕೊಂಡಿದ್ದು ನಿನಗೆ ನೆನಪಿರಬೇಕು.

ನಾವು ಎಡವಿದ್ದು ಎಲ್ಲಿ ಗೊತ್ತಾ ಗುಂಡು? ಆ ಗೇಟು ಒಂದು ಇದೆ ಅಂತ ಬೇರೆ ಏನನ್ನೂ ಕಲಿಯಲಿಲ್ಲ. ವಿದ್ಯಾರ್ಥಿಗಳಿಗೆ ಪೆನ್ನು ಬೇಕು ಅಂದಾಗ ಗುಂಡಿ ಮಾರುವವನು ಪೆನ್ನು ತಂದಿಟ್ಟ. ಅವರಿಗೆ ಕೋಣೆ ಬೇಕು ಅಂದಾಗ ಮೂಲೆಮನೆ ಅಜ್ಜಿ ಹಿತ್ತಲಿನ ತರಕಾರಿ ಪಾತಿ ಕಿತ್ತು ಪಿಲ್ಲರ್ ಹಾಕಿಸಿದಳು. ಅವರು ರಜೆಗೆ ಹೋದರೆ ನಾವೂ ಕಾಯಿಲೆ ಬೀಳಲು, ಸುಣ್ಣ ಹೊಡೆಯಲು, ನೆಂಟರ ಮನೆಗೆ ಹೋಗಲು ಪುರುಸೊತ್ತು ಮಾಡಿಕೊಳ್ಳುತ್ತಿದ್ದೆವು. ಇಡೀ ಬೀದಿ ಅವರ ಹಸಿವಿಗೆ ತಕ್ಕ ಹಾಗೆ ತನ್ನ ಕೈಕಾಲು ಬೆಳೆಸಿಕೊಂಡಿತು. ಆಮೇಲೆ ಒಂದು ಸೋಮವಾರ ನೋಡಿದರೆ ಗೇಟಿಗೆ ಸರಪಳಿ.

ಇನ್ನು ಮುಂದೆ ಒಂದೇ ದ್ವಾರವಂತೆ, ಹೆದ್ದಾರಿ ಕಡೆಗೆ, ಕಮಾನು ಕಟ್ಟಿ, ಕ್ಯಾಮೆರಾ ಇಟ್ಟು. ಒಳಗೇ ಫುಡ್ ಕೋರ್ಟ್, ಒಳಗೇ ಜೆರಾಕ್ಸ್, ಒಳಗೇ ಕ್ಷೌರ. ಸುತ್ತೋಲೆಯ ಕೆಳಗೆ ನಿನ್ನ ಸಹಿ. ಅದು ನಿನ್ನದೇ ಅಂತ ಗುರುತು ಹಿಡಿದವನು ಜೆರಾಕ್ಸಿನವನು, ನೀನು ಕೆಲಸಕ್ಕೆ ಅರ್ಜಿ ಹಾಕುವಾಗ ನಿನ್ನ ಎಲ್ಲ ಕಾಗದವನ್ನೂ ಅವನೇ ಅಲ್ಲವೇ ಪ್ರತಿ ತೆಗೆದಿದ್ದು. ಆಮೇಲೆ ನೀನು ಬಂದ ಭಾನುವಾರ ಎಲ್ಲರೂ ಸುತ್ತ ನಿಂತರು. ‘ನಮ್ ಬೀದಿ ಹುಡುಗ ನಮ್ ಬೀದಿಗೇ ಬೀಗ ಜಡಿದ್ನಲ್ಲಪ್ಪಾ’ ಅಂತ ಅವನು ಅಂದ. ಅಂದಿದ್ದು ತಪ್ಪು ಅಂತ ನಾನು ಹೇಳಲಾರೆ. ನೀನು ‘ಅದು ಕಮಿಟಿ ತೀರ್ಮಾನ, ನಾನು ಬರೀ ಸಹಿ ಹಾಕೋನು’ ಅಂದೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದೆ. ಅಷ್ಟೇ, ಇವತ್ತಿನವರೆಗೆ ಈ ಕಡೆ ತಲೆ ಹಾಕಿಲ್ಲ. ಗೇಟು ಮುಚ್ಚಿದ್ದು ವಿಶ್ವವಿದ್ಯಾಲಯ ಇರಬಹುದು. ಬರುವುದನ್ನು ನಿಲ್ಲಿಸಲು ಯಾವ ಕಮಿಟಿ ಹೇಳಿತಪ್ಪಾ?

ಇನ್ನೊಂದು ಸಂಗತಿ ನಿನಗೆ ಗೊತ್ತಿದೆಯೋ ಇಲ್ಲವೋ, ಹೇಳಿಬಿಡುತ್ತೇನೆ. ಹೋದ ತಿಂಗಳು ಅಮ್ಮ ಮಗುವನ್ನು ನೋಡಲೇಬೇಕು ಅಂತ ಹಟ ಹಿಡಿದಳು. ಹಳೇ ಗೇಟಾಗಿದ್ದರೆ ಕೋಲೂರಿಕೊಂಡು ಒಬ್ಬಳೇ ಬಂದುಬಿಡುತ್ತಿದ್ದಳು, ಬರುತ್ತಿರಲಿಲ್ಲವೇ, ವಾರಕ್ಕೆರಡು ಸಲ? ಈಗ ಎರಡು ಬಸ್ಸು ಹತ್ತಿಸಿ ಇಳಿಸಿ ಕಮಾನಿನ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿಯ ಕಾವಲಿನವನು ‘ಪಾಸ್ ಇದ್ಯಾ’ ಅಂದ. ನಾನು ಬಾಯಿ ಬಿಡುವ ಮುಂಚೆಯೇ ಅಮ್ಮ ‘ನಾನು ಅವ್ನ ತಾಯಿ, ನನಗೇನು ಪಾಸು’ ಅಂದಳು. ಅವನೂ ಪಾಪ, ನಿನಗೆ ಫೋನ್ ಮಾಡಿದ. ‘ಸಾಹೇಬ್ರು ಮೀಟಿಂಗಲ್ಲಿದಾರೆ, ಇನ್ನೊಂದಿನ ಬನ್ನಿ ಅಂದ್ರು’ ಅಂದ. ಅಮ್ಮ ಅಲ್ಲೇ ಕಟ್ಟೆಯ ಮೇಲೆ ಕೂತಳು. ಮಗುವಿಗೆಂದು ತಂದಿದ್ದ ಟೋಪಿಯನ್ನು ಮಡಚುವುದು, ಬಿಡಿಸುವುದು, ಮತ್ತೆ ಮಡಚುವುದು. ಬಸ್ಸಿನಲ್ಲಿ ವಾಪಸ್ ಬರುವಾಗ ‘ಅವ್ನಿಗೆ ಕೆಲಸ ಜಾಸ್ತಿ ಕಣೇ’ ಅಂತ ನನಗೇ ಸಮಾಧಾನ ಹೇಳಿದಳು.

ಇರಲಿ. ಕಿಂಡಿಯ ವಿಷಯಕ್ಕೆ ಬರುತ್ತೇನೆ, ಅದಕ್ಕೇ ತಾನೇ ಬರೆಯಲು ಕೂತಿದ್ದು. ಮಳೆಗಾಲದಲ್ಲಿ ನಮ್ಮ ಅಂಗಡಿಯ ಪಕ್ಕ ಗೋಡೆಯ ಎರಡು ಕಲ್ಲು ಸಡಿಲವಾದವು. ನಿಮ್ಮ ವಿದ್ಯಾರ್ಥಿಗಳು ಇನ್ನೂ ಮೂರು ಕಿತ್ತರು. ಯಾರು ಅಂತ ಕೇಳಬೇಡ, ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಹೇಳುವುದಿಲ್ಲ. ಸಣ್ಣಗಿರುವವರು ಪಕ್ಕಕ್ಕೆ ತಿರುಗಿ ಉಸಿರು ಬಿಗಿಹಿಡಿದು ತೂರಿ ಬರುತ್ತಾರೆ. ದಪ್ಪಗಿರುವವರು ಆ ಕಡೆಯಿಂದಲೇ ಕೈ ಚಾಚುತ್ತಾರೆ, ನಾನು ಲೋಟ ಕೊಡುತ್ತೇನೆ. ನಾನು ಒಲೆಯನ್ನೇ ಈ ಕಡೆಗೆ ಎಳೆದುಕೊಂಡಿದ್ದೇನೆ. ಜೆರಾಕ್ಸಿನವನು ಗೋಡೆಗೆ ಬಾಣದ ಗುರುತು ಬರೆದ. ಕ್ಷೌರದವನಿಗೆ ಮಾತ್ರ ತೆಳ್ಳಗಿರುವವರ ತಲೆಯೇ ಗತಿ. ‘ನಿಮ್ಮ ಮೊಟ್ಟೆ ಬನ್ನು ತಿಂದು ನನ್ನ ಗಿರಾಕಿಗಳು ಊದ್ಕೋತಿದಾರೆ, ವಾಪಸ್ ಹೋಗಕ್ಕಾಗಲ್ಲ ನೋಡಿ’ ಅಂತ ನನ್ನ ಮೇಲೆ ಗೂಬೆ ಕೂರಿಸುತ್ತಾನೆ. ಮೊದಲಿನ ವ್ಯಾಪಾರದ ಕಾಲು ಭಾಗವೂ ಇಲ್ಲ. ಆದರೂ ಒಲೆ ಉರಿಯುತ್ತದೆ, ಬೀದಿಯಲ್ಲಿ ನಾಲ್ಕು ಜನ ನಗುವುದು ಕೇಳಿಸುತ್ತದೆ.

ಹೋದ ವಾರ ಅದೇ ಕಿಂಡಿಯಿಂದ ಒಬ್ಬ ಹುಡುಗಿ ಬಂದಳು, ಕೈಯಲ್ಲಿ ಹಲಗೆ, ಹಲಗೆಯಲ್ಲಿ ಪ್ರಶ್ನೆಪಟ್ಟಿ. ವಿಶ್ವವಿದ್ಯಾಲಯದಿಂದ ಸುತ್ತಮುತ್ತಲಿನ ಜನರ ಜೀವನೋಪಾಯಕ್ಕೆ ಏನೇನು ಅನುಕೂಲವಾಗಿದೆ ಅಂತ ಸಂಶೋಧನೆಯಂತೆ. ‘ಗೇಟ್ ಮುಚ್ಚಿದ್ದರಿಂದ ನಿಮ್ಗೆ ಎಷ್ಟು ತೊಂದ್ರೆ ಆಗಿದೆ, ಒಂದರಿಂದ ಐದರೊಳಗೆ ಹೇಳಿ ಆಂಟಿ’ ಅಂದಳು. ನಾನು ‘ಐದಕ್ಕಿಂತ ಮೇಲೆ ಇಲ್ವೇನಮ್ಮಾ’ ಅಂದೆ. ಇಲ್ಲವಂತೆ. ಐದು ಬರೆದುಕೊಂಡು, ಚಹಾ ಕುಡಿದು, ಬಂದ ದಾರಿಯಲ್ಲೇ ತೂರಿಕೊಂಡು ಹೋದಳು. ಒಳ್ಳೆಯ ಹುಡುಗಿ, ದಿನಾ ಬರುತ್ತಾಳೆ. ಈ ಪತ್ರವನ್ನು ಅವಳ ಕೈಯಲ್ಲೇ ಕಳಿಸುತ್ತೇನೆ.

ಈಗ ನಿಮ್ಮ ರಾತ್ರಿ ಕಾವಲಿನವನು ಒಂದು ಸುದ್ದಿ ತಂದಿದ್ದಾನೆ. ಅವನೂ ಕಿಂಡಿಯಲ್ಲಿ ಕೈ ಚಾಚುವವನೇ, ಬೈಯಬೇಡ. ಕಿಂಡಿ ಮುಚ್ಚಿಸಿ, ಗೋಡೆಯನ್ನು ಇನ್ನೂ ಎತ್ತರಿಸಿ, ಮೇಲೆ ಮುಳ್ಳುತಂತಿ ಹಾಕಿಸಲು ನಿಮ್ಮ ಆಫೀಸಿನಿಂದ ಆದೇಶವಾಗಿದೆಯಂತೆ. ಗುಂಡು, ನಾನು ಗೇಟು ತೆಗಿ ಅಂತ ಕೇಳುತ್ತಿಲ್ಲ. ಅದು ನಿನ್ನ ಕೈಯಲ್ಲಿಲ್ಲ ಅಂದೆ, ನಂಬಿದೆ. ಕಿಂಡಿಯನ್ನು ಮಾತ್ರ ನೋಡಿಯೂ ನೋಡದ ಹಾಗೆ ಇದ್ದುಬಿಡು. ಕಾಗದವನ್ನು ಯಾವುದಾದರೂ ಕಡತದ ಅಡಿಗೆ ಹಾಕು, ಈ ವರ್ಷದ ಪರೀಕ್ಷೆ ಮುಗಿಯುವವರೆಗಾದರೂ. ನಿಮ್ಮ ಆಫೀಸಿನಲ್ಲಿ ಎಷ್ಟೋ ಕಾಗದ ಹಾಗೆ ಮಲಗಿವೆ ಅಂತ ನೀನೇ ನಗುತ್ತಾ ಹೇಳಿದ್ದೆ. ಇದೂ ಒಂದು ಮಲಗಲಿ. ಅಕ್ಕ ನಿನ್ನನ್ನು ಇಷ್ಟು ವರ್ಷದಲ್ಲಿ ಕೇಳುತ್ತಿರುವುದು ಇದೊಂದೇ. ಇದಕ್ಕೂ ಸಹಿ ಹಾಕಿಬಿಟ್ಟಿದ್ದರೆ, ಇನ್ನೇನು ಹೇಳಲಿ, ಚೆನ್ನಾಗಿರು.

ಸಿಟ್ಟಿನಲ್ಲಿ ಬರೆದಿದ್ದನ್ನು ಸಿಟ್ಟು ಅಂತಲೇ ಓದಿಕೋ, ದ್ವೇಷ ಅಂತ ಅಲ್ಲ. ಹೊತ್ತು ಹೊತ್ತಿಗೆ ಊಟ ಮಾಡು. ನಿನ್ನ ಹೆಂಡತಿಯನ್ನು ಕೇಳಿದೆ ಅಂತ ಹೇಳು. ಮಗುವಿನ ತಲೆಯ ಮೇಲೆ ನಮ್ಮೆಲ್ಲರ ಪರವಾಗಿ ಒಂದು ಸಲ ಕೈಯಾಡಿಸು. ಅಮ್ಮನ ಆಶೀರ್ವಾದ ನಿನಗೆ ಯಾವತ್ತೂ ಇದ್ದೇ ಇದೆ, ಅದಕ್ಕೆ ನಾನು ಬರೆಯಬೇಕಾಗಿಲ್ಲ.

ನಿನ್ನ
ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನ ಭಾವ ಈಗ ಮನೆಗೆ ಬಂದರು. ಗೋಡೆ ಕೆಲಸವನ್ನು ಅವರೇ ಒಪ್ಪಿಕೊಂಡು ಬಂದಿದ್ದಾರೆ. ಮಹಡಿ ಕಟ್ಟಿಸುವವರು ಯಾರೂ ಇಲ್ಲದೆ ಕೈ ಖಾಲಿ, ನಿಮ್ಮ ಕಾಂಟ್ರಾಕ್ಟರ್ ಕೂಗಿದ, ಹೋದರು. ‘ಬೇರೆ ಯಾರೋ ಮುಚ್ಚೋ ಬದ್ಲು ನಾನೇ ಮುಚ್ತೀನಿ, ಕೂಲಿನಾದ್ರೂ ಮನೆಗೆ ಬರ್ಲಿ’ ಅಂದು ನನ್ನ ಮುಖ ನೋಡದೆ ಕೈಕಾಲು ತೊಳೆಯಲು ಹೋದರು. ನಾನು ಟವೆಲ್ ಕೊಟ್ಟು ಬಂದು ಇದನ್ನು ಬಿಚ್ಚಿದೆ. ಹಾಗಾಗಿ ಮೇಲೆ ಕೇಳಿದ್ದನ್ನು ಬಿಟ್ಟುಬಿಡು, ಕಾಗದ ಮಲಗಿಸುವುದು ಬೇಡ. ಇದೊಂದು ಮಾಡು. ನಾಳೆ ಬೆಳಿಗ್ಗೆ ಕೆಲಸ ಶುರು, ಅದಕ್ಕೇ ಹುಡುಗಿಗೆ ಕಾಯದೆ ಇದನ್ನು ಇವತ್ತು ರಾತ್ರಿಯೇ ಕಾವಲಿನವನ ಕೈಲಿ ಕಳಿಸುತ್ತೇನೆ. ಕೆಳಗಿನಿಂದ ಕಟ್ಟಿಕೊಂಡು ಬರುತ್ತಾರೆ, ಮೇಲಿನ ಎರಡು ಕಲ್ಲು ಕೊನೆಗೆ. ಅಮ್ಮನಿಗೆ ಕಿಂಡಿಯ ಪಕ್ಕ ಸ್ಟೂಲ್ ಹಾಕಿ ಕೂರಿಸಿರುತ್ತೇನೆ, ಟೋಪಿ ಅವಳ ಹತ್ತಿರವೇ ಇದೆ. ಆಫೀಸಿಗೆ ಹೋಗುವ ಮುಂಚೆ ಮಗುವನ್ನು ಎತ್ತಿಕೊಂಡು ಆ ಕಡೆಯಿಂದ ಬಾ. ನೀನು ತೂರುವುದಿಲ್ಲ, ಮಗು ತೂರುತ್ತದೆ. ಅಮ್ಮ ಒಂದು ಗಳಿಗೆ ಎತ್ತಿಕೊಂಡು ವಾಪಸ್ ಕೊಡುತ್ತಾಳೆ. ಬೀದಿಯವರು ಯಾರೂ ಮಾತಾಡದ ಹಾಗೆ ನಾನು ನೋಡಿಕೊಳ್ಳುತ್ತೇನೆ, ನೀನೂ ಮಾತಾಡಬೇಕಾಗಿಲ್ಲ. ತಡ ಮಾಡಬೇಡ. ನಿನ್ನ ಭಾವ ಎಷ್ಟು ಹೊತ್ತು ಬೇಕಾದರೂ ಕಾಯುತ್ತಾರೆ, ಕಲಸಿದ ಸಿಮೆಂಟು ಕಾಯುವುದಿಲ್ಲ.