ಅರ್ಲೀನ್ ಬಿಟ್ಟಿದ್ದ ಜಾಗ

ಸೆಪ್ಟೆಂಬರ್ 14, 1999. ಮಂಗಳವಾರ

ಇವತ್ತೂ ಟ್ರೈನು ತಪ್ಪಿತು. ಮಧುಕರನ ಲಂಚ್ ಬಾಕ್ಸಿನ ಮುಚ್ಚಳ ಹುಡುಕುತ್ತ ಕೂತದ್ದೇ ಕಾರಣ. ಕಟ್ಟಿಕೊಂಡ ತಪ್ಪಿಗೆ ಹುಡುಕಲೇಬೇಕಲ್ಲ. ಸನ್ನಿವೇಲ್‌ನಿಂದ ಮುಂದಿನದು ಹಿಡಿದು ಸ್ಯಾನ್ ಹೋಸೆ ಸೆಂಟರಿಗೆ ಹೋದೆ. ಲೇಟಾಯಿತೆಂದು ಯಾರೂ ಅನ್ನಲಿಲ್ಲ. ನನ್ನ ವೀಸಾದಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ, ವಾಲಂಟಿಯರ್ ಆಗಬಹುದು.

ಇದು ಇಲ್ಲಿನ ಮೂಲನಿವಾಸಿಗಳ ಸೆಂಟರು. ಐವತ್ತರ ದಶಕದಲ್ಲಿ ಸರ್ಕಾರದವರು ಬಸ್ಸು ಹತ್ತಿಸಿ ಪಟ್ಟಣಕ್ಕೆ ಕಳಿಸಿದರಂತೆ, ಬೇರೆ ಬೇರೆ ಬುಡಕಟ್ಟಿನವರನ್ನು. ಈಗ ಸೆಂಟರಿಗೆ ಇಪ್ಪತ್ತೈದು ತುಂಬುತ್ತಿದೆ. ಅದಕ್ಕೆಂದು ಒಂದು ದೊಡ್ಡ ಚಿತ್ರ — ಸೆಂಟರು, ಅದರ ಜನ, ಎಲ್ಲ ಅದರಲ್ಲೇ. ಬರೆಯುವವರು ಅರ್ಲೀನ್. ಎಪ್ಪತ್ತೊಂದು ವರ್ಷ. ಅಜ್ಜಿ ಅನ್ನಲು ಬಾಯಿ ಬರುತ್ತದೆ, ಇಲ್ಲಿ ಹೆಸರು ಹಿಡಿದೇ ಕರೆಯಬೇಕು. ನಡುವೆ ಬೆಂಕಿ. ಸುತ್ತ ಮನೆಗೊಂದು ಬಿಳಿ ಚುಕ್ಕಿ. ಆಯಾ ಮನೆಯವರೇ ಬಂದು ಹೆಬ್ಬೆರಳಿನಿಂದ ಒತ್ತಿದ್ದು. ಎಲ್ಲ ಚುಕ್ಕಿಗಳನ್ನೂ ಸುತ್ತುವರಿದು ಒಂದು ಕೆಂಪು ಎಳೆ. ವಯಸ್ಸಿಗೆ ಅರ್ಲೀನ್ ಕೈ ನಡುಗುತ್ತದೆ. ಬಣ್ಣ ಕಲಸುವುದು, ಬ್ರಷ್ ತೊಳೆಯುವುದು ನನ್ನ ಪಾಲು.

ಸೆಪ್ಟೆಂಬರ್ 23

ಅರ್ಲೀನ್‌ಗೆ ಉಸಿರಾಟದ ತೊಂದರೆ. ಆಸ್ಪತ್ರೆ. ಸೆಂಟರಿನ ಮ್ಯಾನೇಜರ್ ಡೆಬ್ರಾ ಮಧ್ಯಾಹ್ನವೆಲ್ಲ ಫೋನಿನಲ್ಲೇ ಇದ್ದಳು. ಕೆಂಪು ಎಳೆ ಮುಗಿದಿಲ್ಲ. ಬಲಗಡೆ ಒಂದು ಗೇಣು ಬಿಟ್ಟುಹೋಗಿದೆ.

ಸೆಪ್ಟೆಂಬರ್ 27

ಬಿಟ್ಟುಹೋಗಿದ್ದ ಎಳೆ ಸೇರಿಸಿದೆ. ಚುಕ್ಕಿ ತಾಗದಂತೆ ಎಳೆ ಸುತ್ತುವುದು ನನಗೆ ಹೊಸದೇ? ಮಂಡ್ಯದಲ್ಲಿ ಎಳೆ ಕೂಡಿಸದೆ ರಂಗೋಲಿ ಬಿಟ್ಟು ಎದ್ದರೆ ಅಮ್ಮ ವಾಪಸ್ ಕೂರಿಸುತ್ತಿದ್ದಳು. ಒಂದೇ ಉಸಿರಿಗೆ ಎಳೆದೆ. ಎಲ್ಲಿ ಕೂಡಿತೆಂದು ಗೊತ್ತೇ ಆಗುವುದಿಲ್ಲ.

ಮಧುಕರನ ಮುಂದೆ ಕೊಚ್ಚಿಕೊಂಡೆ. ಕಂಪ್ಯೂಟರಿನಿಂದ ತಲೆ ಎತ್ತದೆ, ಅವರನ್ನು ಕೇಳಿ ಮಾಡಿದೆಯಾ ಅಂದ. ರಂಗೋಲಿಯ ವಿಷಯ ಇವನಿಗೇನು ಗೊತ್ತು.

ಅಕ್ಟೋಬರ್ 6, ಮಧ್ಯಾಹ್ನ

ಅರ್ಲೀನ್ ಬಂದರು. ಕೋಲು ಹಿಡಿದು. ಇಳಿದುಹೋಗಿದ್ದಾರೆ. ಕೆಂಪು ಎಳೆಯ ಮೇಲೆ ಬೆರಳಾಡಿಸುತ್ತ ಬಂದರು. ಬೆರಳು ಅಲ್ಲಿ ನಿಂತಿತು.

"ಇದನ್ನ ಮುಚ್ಚಿದ್ದು ಯಾರು?"

"ನಾನು. ನೀವು ಮರ್ತಿರಿ ಅಂದ್ಕೊಂಡೆ."

"ಮರ್ತಿರ್ಲಿಲ್ಲ. ನಮ್ಮಕ್ಕ ಇನ್ನೂ ಬಂದಿಲ್ಲ."

ಕುರ್ಚಿ ಕೊಟ್ಟೆ. ಕೂತು ನಿಧಾನಕ್ಕೆ ಹೇಳಿದರು. ಒಂಬತ್ತು ವರ್ಷದ ಅಕ್ಕನನ್ನು ಸರ್ಕಾರದ ಬೋರ್ಡಿಂಗ್ ಸ್ಕೂಲಿಗೆ ಬಲವಂತವಾಗಿ ಕರೆದೊಯ್ದರು. ವಾಪಸ್ ಬರಲಿಲ್ಲ. ಸತ್ತಳೆಂಬ ಕಾಗದವೂ ಇಲ್ಲ. ಸೆಂಟರಿನ ಎಷ್ಟೋ ಮನೆಗಳಲ್ಲಿ ಹೀಗೆ ಹೋದವರಿದ್ದಾರೆ. ಅವರು ಬರಲೆಂದು ಬಿಟ್ಟ ಜಾಗ ಅದು. ಡೆಬ್ರಾಗೆ ಗೊತ್ತಿತ್ತು, ಚುಕ್ಕಿ ಒತ್ತಿದವರಿಗೆಲ್ಲ ಗೊತ್ತಿತ್ತು. ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅಕ್ಟೋಬರ್ 7

ಅನ್ನ ಸೇರಲಿಲ್ಲ. ನಾಚಿಕೆ. ಶನಿವಾರವೇ ಸಮಾರಂಭ. ಕೆರೆದರೆ ಪಕ್ಕದ ಹೆಬ್ಬೆರಳ ಗುರುತುಗಳೂ ಹೋಗಬಹುದೆಂದು ಡೆಬ್ರಾಗೆ ಭಯ. ಅರ್ಲೀನ್‌ಗೆ ಫೋನ್ ಮಾಡಿ, ಬೇರೆ ಯಾರನ್ನಾದರೂ ಕರೆಸೋಣವೇ ಎಂದೆ. ಮುಚ್ಚಿದವಳೇ ತೆಗೆಯಬೇಕು ಅಂದರು. ಸಿಟ್ಟಿನಿಂದ ಅಲ್ಲ. ಸಿಟ್ಟು ಮಾಡಿದ್ದರೆ ವಾಸಿ ಇತ್ತು.

ಅಕ್ಟೋಬರ್ 8

ಕೆರೆದೆ. ಬ್ಲೇಡು, ಒದ್ದೆ ಬಟ್ಟೆ. ಒಂದು ಗೇಣಿಗೆ ಮೂರು ಗಂಟೆ. ಚುಕ್ಕಿಗಳು ಉಳಿದವು. ಎಳೆ ಹೋಯಿತು, ಕಲೆ ಹೋಗಲಿಲ್ಲ. ಮೇಲೆ ಹಿನ್ನೆಲೆಯ ಮಣ್ಣಿನ ಬಣ್ಣವನ್ನೇ ಬಳಿಯುತ್ತೇನೆ ಅಂದೆ.

"ಬೇಡ. ಒಂದ್ಸಲ ಮುಚ್ಚಿತ್ತು ಅಂತ ಕಾಣ್ಲಿ," ಅಂದರು ಅರ್ಲೀನ್.

ಅಕ್ಟೋಬರ್ 9, ಶನಿವಾರ. ಸಂಜೆ

ಹಾಲ್ ತುಂಬಿತ್ತು. ಮಧುಕರನೂ ಬಂದಿದ್ದ, ಹಿಂದೆ ನಿಂತಿದ್ದ. ಒಂದೊಂದು ಮನೆಯವರು ಆ ಜಾಗದ ಎದುರು ನಿಂತು, ಬಾರದೆ ಉಳಿದವರ ಹೆಸರು ಹಿಡಿದು ಕರೆದರು. ಕಲೆ ಎಲ್ಲರಿಗೂ ಕಾಣುತ್ತಿತ್ತು. ಮಾಡಿದ್ದು ನಾನೆಂದು ಮೈಕಿನಲ್ಲಿ ಹೇಳಿದೆ.

ಕೊನೆಗೆ ಅರ್ಲೀನ್. ಆ ಜಾಗದ ಎದುರು ನಿಂತರು. ಕರೆಯಲಿಲ್ಲ. ಬಂದು ನನ್ನ ಪಕ್ಕ ಕೂತರು. ಅಕ್ಕನ ಹೆಸರೇನೆಂದು ಕೇಳಿದೆ.

"ಸ್ಕೂಲಲ್ಲಿ ಮೇರಿ ಅಂತ ಇಟ್ರಂತೆ. ಮನೇಲಿ ಕರೀತಿದ್ದ ಹೆಸ್ರು ಗೊತ್ತಿಲ್ಲ. ಆಗ ನಂಗೆ ಮೂರು ವರ್ಷ. ಹೇಳೋರು ಯಾರೂ ಉಳಿದಿಲ್ಲ."

ಹೆಸರಿಲ್ಲದೆ ಹೇಗೆ ಕರೆಯುವುದು. ಕರೆಯಲಾಗದು. ಅದಕ್ಕೇ ದಾರಿ ಬಿಟ್ಟಿದ್ದರು. ಅಕ್ಕನಿಗೆ ಅವರು ಕೊಡಬಹುದಾಗಿದ್ದು ಅದೊಂದೇ. ನಾನು ಅದನ್ನೂ —